ಮೊಲಗಳು ನೆಲ ತಿಂದ ದ್ವೀಪದಲ್ಲಿ ಉಳಿದ ಹಾವು

ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲಿ ಹೋಗುವ ಹಾರುವ ಓತಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅದರ ವೈಜ್ಞಾನಿಕ ಹೆಸರು ಡ್ರಾಕೊ ಡುಸುಮಿಯೇರಿ. ಡುಸುಮಿಯೇ ಅನ್ನುವುದು ಒಬ್ಬ ಫ್ರೆಂಚ್ ಹಡಗು ವ್ಯಾಪಾರಿಯ ಹೆಸರು. 19ನೇ ಶತಮಾನದ ಮೊದಲ ದಶಕಗಳಲ್ಲಿ ಅವನು ಹಿಂದೂ ಮಹಾಸಾಗರದ ಉದ್ದಗಲಕ್ಕೂ ಓಡಾಡುತ್ತಿದ್ದ. ಮಲಬಾರ್ ಕರಾವಳಿಗೂ ಬರುತ್ತಿದ್ದ. ಸರಕಿನ ಜೊತೆಗೆ ಮೀನು, ಹಲ್ಲಿ, ಹಕ್ಕಿಗಳನ್ನೂ ಸಂಗ್ರಹಿಸಿ ವಿಜ್ಞಾನಿಗಳಿಗೆ ತಲುಪಿಸುತ್ತಿದ್ದ. ನಮ್ಮ ಓತಿಗೆ ಅವನ ಹೆಸರಿಟ್ಟದ್ದು 1837ರಲ್ಲಿ.

ಅದೇ 1837ರಲ್ಲಿ ಇನ್ನೊಂದು ಜೀವಿಗೂ ಅವನ ಹೆಸರು ಬಂತು. ಅದೊಂದು ಹಾವು. ಹೆಸರು ಕಸಾರಿಯ ಡುಸುಮಿಯೇರಿ. ಅದರ ಊರು ಮಾರಿಷಸ್. ಓತಿ ಇವತ್ತಿಗೂ ನಮ್ಮ ತೋಟಗಳಲ್ಲಿ ಹಾರಾಡುತ್ತಿದೆ. ಹಾವು ಮಾತ್ರ ಒಂದು ಕಾಲಕ್ಕೆ ಇಡೀ ಭೂಮಿಯ ಮೇಲೆ ಒಂದೇ ಒಂದು ಬಂಡೆ ದ್ವೀಪದಲ್ಲಿ ಉಳಿದಿತ್ತು. ಅದು ಆ ಸ್ಥಿತಿಗೆ ಹೇಗೆ ಬಂತು, ಅಲ್ಲಿಂದ ಹೇಗೆ ಚೇತರಿಸಿಕೊಂಡಿತು ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿದೆ. ಯಾಕೆಂದರೆ 'ನೆಲೆ ಕಳೆದುಕೊಂಡು ಅಳಿವಿನ ಅಂಚಿಗೆ ಬಂದಿದೆ' ಅನ್ನುವ ಮಾತನ್ನು ನಾವು ದಿನಾ ಓದುತ್ತೇವೆ. ನೆಲೆ ಹೋಗುವುದು ಅಂದರೆ ನಿಜವಾಗಿ ಏನಾಗುತ್ತದೆ ಅನ್ನುವುದು ಈ ಹಾವಿನ ಕಥೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಆ ದ್ವೀಪದ ಹೆಸರು ರೌಂಡ್ ಐಲ್ಯಾಂಡ್. ಮಾರಿಷಸ್‌ನಿಂದ ಉತ್ತರಕ್ಕೆ ಸುಮಾರು 22 ಕಿಲೋಮೀಟರ್ ದೂರ. ಹೆಸರು ರೌಂಡ್ ಅಂತ ಇದ್ದರೂ ಅದು ದುಂಡಗಿಲ್ಲ. ಅದರ ಪಕ್ಕದಲ್ಲೇ 'ಹಾವುಗಳ ದ್ವೀಪ' ಅನ್ನುವ ಅರ್ಥದ ಹೆಸರಿರುವ ಇನ್ನೊಂದು ಪುಟ್ಟ ದ್ವೀಪ ಇದೆ. ಅಲ್ಲಿ ಹಾವಿಲ್ಲ, ಆದರೆ ಅದು ದುಂಡಗಿದೆ. ನಕ್ಷೆ ಬರೆದವರು ಯಾವತ್ತೋ ಹೆಸರುಗಳನ್ನು ಅದಲುಬದಲು ಮಾಡಿರಬೇಕು ಎಂದು ಹಲವರು ಊಹಿಸುತ್ತಾರೆ.

ರೌಂಡ್ ಐಲ್ಯಾಂಡ್ ಎರಡು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇದೆ. ಬೆಂಗಳೂರಿನ ಎರಡು ಲಾಲ್‌ಬಾಗ್ ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಅಷ್ಟು. ಸಮುದ್ರದಿಂದ ಸೀದಾ ಎದ್ದು ನಿಂತ ಜ್ವಾಲಾಮುಖಿಯ ಗುಡ್ಡ ಅದು, ತುದಿ 280 ಮೀಟರ್ ಎತ್ತರ. ಮರಳಿನ ದಡ ಇಲ್ಲ, ಬಂದರು ಇಲ್ಲ. ದೋಣಿ ಅಲೆಯ ಜೊತೆ ಮೇಲಕ್ಕೆ ಎದ್ದ ಕ್ಷಣ ನೋಡಿಕೊಂಡು ಕಲ್ಲಿನ ಚಾಚಿಗೆ ಹಾರಬೇಕು. ಹೀಗೆ ಇಳಿಯಲು ಕಷ್ಟ ಇದ್ದದ್ದೇ ಈ ಹಾವನ್ನು ಕಾಪಾಡಿತು. ಅದು ಹೇಗೆ ಅನ್ನುವ ಮೊದಲು ಹಾವಿನ ಪರಿಚಯ ಆಗಲಿ.

ಇಂಗ್ಲಿಷಿನಲ್ಲಿ ಇದನ್ನು ರೌಂಡ್ ಐಲ್ಯಾಂಡ್ ಬೋವಾ ಎನ್ನುತ್ತಾರೆ. ಹೆಸರಿನಲ್ಲಿ ಬೋವಾ ಇದೆ ಅಷ್ಟೇ, ಇದು ನಿಜವಾದ ಬೋವಾ ಅಲ್ಲ. ನಮ್ಮ ಮಣ್ಣುಮುಕ್ಕ ಹಾವು ಬೋವಾಗಳ ಕಡೆಯದು, ಅದು ಮರಿ ಹಾಕುತ್ತದೆ. ಇದು ಮೊಟ್ಟೆ ಇಡುತ್ತದೆ. ಸುಮಾರು ಒಂದೂವರೆ ಮೀಟರ್‌ವರೆಗೆ ಬೆಳೆಯುತ್ತದೆ. ತೆಳ್ಳಗಿನ ಮೈ, ವಿಷ ಇಲ್ಲ. ಪ್ರತಿ ಹುರುಪೆಯ ನಡುವೆ ಒಂದು ಸಣ್ಣ ಏಣು ಇರುವುದರಿಂದ ಮೈ ಒರಟು. ಮರಿಗಳು ಕಿತ್ತಳೆ ಬಣ್ಣಕ್ಕೆ ಹತ್ತಿರ ಇರುತ್ತವೆ, ಬೆಳೆದ ಮೇಲೆ ಬೂದು ಕಂದು. ಇನ್ನೊಂದು ಸೋಜಿಗ ಇದೆ. ಒಂದೇ ಹಾವು ಹಗಲಿನಲ್ಲಿ ಗಾಢ ಬಣ್ಣಕ್ಕೆ ತಿರುಗಿ, ರಾತ್ರಿ ಮಂಕಾದ ತಿಳಿ ಬಣ್ಣಕ್ಕೆ ಬರುತ್ತದೆ. ಓಡಾಟ, ಬೇಟೆ ಎಲ್ಲ ರಾತ್ರಿಯಲ್ಲೇ.

ಅದರ ದವಡೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಮೇಲ್ದವಡೆಯ ಮೂಳೆಯನ್ನು ನೆನಪಿಸಿಕೊಳ್ಳಿ. ಹಲ್ಲುಗಳು ಕೂತಿರುವ ಗಟ್ಟಿ ಮೂಳೆ ಅದು, ಬಾಗುವುದಿಲ್ಲ. ಹಾವುಗಳಲ್ಲಿ ದವಡೆಯ ಮೂಳೆಗಳು ಒಂದರಿಂದ ಒಂದು ಬಿಡಿಸಿಕೊಂಡು ಅಗಲವಾಗುತ್ತವೆ ನಿಜ, ಆದರೆ ಎಡಕ್ಕೆ ಒಂದು, ಬಲಕ್ಕೆ ಒಂದು ಇರುವ ಈ ಮೇಲ್ದವಡೆಯ ಮೂಳೆ ಮಾತ್ರ ತುಂಡಾಗಿರುವುದಿಲ್ಲ. ಕಸಾರಿಯದಲ್ಲಿ ಅದೇ ಮೂಳೆ ಎರಡು ತುಂಡು. ಮುಂದಿನದೊಂದು, ಹಿಂದಿನದೊಂದು, ನಡುವೆ ಬಾಗಿಲ ತಿರುಗಣೆಯಂಥ ಕೀಲು. ಕಚ್ಚಿದಾಗ ಮುಂದಿನ ತುಂಡು ಕೆಳಕ್ಕೆ ಬಾಗಿ ಬೇಟೆಯ ಮೈಯನ್ನು ಸುತ್ತಿ ಹಿಡಿಯುತ್ತದೆ. ಇದರ ಕುಟುಂಬದ ಹೊರಗೆ ಬೇರೆ ಯಾವ ಹಾವಿನಲ್ಲೂ, ಹಲ್ಲಿಯಲ್ಲೂ, ಹಕ್ಕಿಯಲ್ಲೂ, ಸಸ್ತನಿಯಲ್ಲೂ ಈ ಏರ್ಪಾಡು ಇಲ್ಲ.

ಯಾಕೆ ಹೀಗೆ? ಅದರ ಊಟ ನೋಡಿದರೆ ತಿಳಿಯುತ್ತದೆ. ಈ ಹಾವಿನ ಮುಖ್ಯ ಆಹಾರ ಹಲ್ಲಿ ಮತ್ತು ಹಾವುರಾಣಿ. ಹಾವುರಾಣಿಯನ್ನು ಕೈಯಲ್ಲಿ ಹಿಡಿಯಲು ನೋಡಿದವರಿಗೆ ಗೊತ್ತು, ಅದು ಉರುಟು, ನುಣುಪು, ಗಟ್ಟಿ. ಬಿಗಿ ಹಿಡಿದಷ್ಟೂ ಜಾರುತ್ತದೆ. ನೆಟ್ಟಗಿನ ಬಾಯಿಯ ಇಕ್ಕಳದಲ್ಲಿ ಗೋಲಿ ಹಿಡಿದ ಹಾಗೆ. ಇಕ್ಕಳದ ಬಾಯಿ ಗೋಲಿಯ ಆಕಾರಕ್ಕೇ ಬಾಗುವ ಹಾಗಿದ್ದರೆ? ಕಸಾರಿಯದ ದವಡೆ ಅಂಥದ್ದು.

ಇಂಥ ದವಡೆಯ ಹಾವುಗಳದ್ದೇ ಒಂದು ಪ್ರತ್ಯೇಕ ಕುಟುಂಬ. ಮನುಷ್ಯರು ದಾಖಲಿಸಿದ ಕಾಲದಲ್ಲಿ ಆ ಕುಟುಂಬದಲ್ಲಿ ಇದ್ದದ್ದು ಎರಡೇ ಹಾವುಗಳು, ಎರಡೂ ಮಾರಿಷಸ್‌ನವು. ಒಂದು ಕಸಾರಿಯ. ಇನ್ನೊಂದರ ಹೆಸರು ಬೊಲ್ಯೇರಿಯ. ಅದು ಮಣ್ಣೊಳಗೆ ಕೊರೆದುಕೊಂಡು ಇರುವ ಹಾವು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾರಿಷಸ್ ಡೋಡೋ ಹಕ್ಕಿಯ ಊರು. ಮನುಷ್ಯ ಬರುವ ತನಕ ಅಲ್ಲಿ ನೆಲದ ಮೇಲೆ ಓಡಾಡುವ ಸಸ್ತನಿ ಒಂದೂ ಇರಲಿಲ್ಲ. ಬಾವಲಿ ಬಿಟ್ಟರೆ ಇಲಿ ಇಲ್ಲ, ಬೆಕ್ಕಿಲ್ಲ, ಮುಂಗುಸಿ ಇಲ್ಲ, ಆಡಿಲ್ಲ. ದೈತ್ಯ ಆಮೆಗಳು ಹುಲ್ಲು ಮೇಯುತ್ತಿದ್ದವು. ಹಾವು, ಹಲ್ಲಿಗಳಿಗೆ ಇಲಿಯ ಭಯವೇ ಗೊತ್ತಿರಲಿಲ್ಲ. ಆಗ ಕಸಾರಿಯ ಮುಖ್ಯ ದ್ವೀಪದಲ್ಲೂ ಸುತ್ತಲಿನ ಮರಿದ್ವೀಪಗಳಲ್ಲೂ ಇತ್ತು. ಮಣ್ಣಿನಲ್ಲಿ ಸಿಕ್ಕಿರುವ ಹಳೆಯ ಮೂಳೆಗಳು ಇದನ್ನು ಹೇಳುತ್ತವೆ.

1598ರಲ್ಲಿ ಡಚ್ಚರು ಬಂದಿಳಿದರು, 1638ರಲ್ಲಿ ನೆಲೆಸಿದರು. ಹಡಗುಗಳ ಜೊತೆಗೆ ಇಲಿ ಬಂತು. ನಮ್ಮಲ್ಲಿ ಹಾವು ಇಲಿಯನ್ನು ಹಿಡಿಯುತ್ತದೆ, ಅದಕ್ಕೇ ರೈತರು ಕೇರೆ ಹಾವನ್ನು ಹೊಡೆಯಬೇಡಿ ಎನ್ನುತ್ತಾರೆ. ಅಲ್ಲಿ ತಿರುಗುಮುರುಗಾಯಿತು. ಇಲಿಗಳೇ ಹಾವಿನ ಮೊಟ್ಟೆ, ಮರಿಗಳನ್ನು ತಿಂದವು, ಹಾವಿನ ಊಟವಾಗಿದ್ದ ಹಲ್ಲಿಗಳನ್ನೂ ತಿಂದವು. ಬೆಕ್ಕು, ಹಂದಿ, ಆಮೇಲೆ ಭಾರತದಿಂದ ತಂದು ಬಿಟ್ಟ ಮುಂಗುಸಿ, ಎಲ್ಲ ಒಂದರ ಹಿಂದೆ ಒಂದು ಬಂದವು. ಜೊತೆಗೆ ಕಾಡು ಕಡಿದು ಕಬ್ಬು ಹಾಕಿದರು. ಮುಖ್ಯ ದ್ವೀಪದಲ್ಲಿ ಕಸಾರಿಯ ಅಳಿದುಹೋಯಿತು. ಮರಿದ್ವೀಪಗಳಲ್ಲೂ ಒಂದೊಂದಾಗಿ ಹೋಯಿತು.

ರೌಂಡ್ ಐಲ್ಯಾಂಡಿಗೆ ಇಲಿ ಮಾತ್ರ ತಲುಪಲೇ ಇಲ್ಲ. ಹಡಗು ನಿಲ್ಲಲು ಜಾಗ ಇಲ್ಲದ ಕಡೆ ಇಲಿ ಹೇಗೆ ಇಳಿಯಬೇಕು? ಬೇರೆಡೆ ಅಳಿದುಹೋದ ಹಾವು, ಹಾವುರಾಣಿ, ಹಲ್ಲಿ, ತಾಳೆ ಜಾತಿಯ ಮರಗಳು ಎಲ್ಲ ಈ ಒಂದು ಗುಡ್ಡದ ಮೇಲೆ ಉಳಿದವು.

ಕೇಡು ಅಲ್ಲಿಗೂ ಬಂತು. ಈ ಸಲ ಇಲಿಯ ರೂಪದಲ್ಲಿ ಅಲ್ಲ.

19ನೇ ಶತಮಾನದಲ್ಲಿ ಯಾರೋ ಆ ದ್ವೀಪಕ್ಕೆ ಆಡು ಮತ್ತು ಮೊಲಗಳನ್ನು ಬಿಟ್ಟರು. ಆ ಕಾಲದಲ್ಲಿ ನಿರ್ಜನ ದ್ವೀಪಗಳಲ್ಲಿ ಹೀಗೆ ಪ್ರಾಣಿ ಬಿಡುವುದು ಸಾಮಾನ್ಯವಾಗಿತ್ತು. ಹಡಗು ಒಡೆದು ಸಿಕ್ಕಿಬಿದ್ದವರಿಗೆ, ಬೇಟೆಗೆ ಬಂದವರಿಗೆ ಮಾಂಸ ಸಿಗಲಿ ಅಂತ. ಆಡಾಗಲಿ ಮೊಲವಾಗಲಿ ಹಾವನ್ನು ತಿನ್ನುವುದಿಲ್ಲ. ಮೊಟ್ಟೆ ಮುಟ್ಟುವುದಿಲ್ಲ. ಹಲ್ಲಿಯ ಗೊಡವೆಗೂ ಹೋಗುವುದಿಲ್ಲ. ಹಾಗಾದರೆ ತೊಂದರೆ ಏನು?

'ಆಡು ಮುಟ್ಟದ ಸೊಪ್ಪಿಲ್ಲ' ಅಂತ ನಮ್ಮ ಹಿರಿಯರು ಹೇಳಿದ್ದಾರಲ್ಲ, ಅದರಲ್ಲೇ ಉತ್ತರ ಇದೆ. ದೊಡ್ಡ ಮರಗಳನ್ನು ಅವು ಬೀಳಿಸಲಿಲ್ಲ. ಮೊಳಕೆಗಳನ್ನು ತಿಂದವು. ಬೀಜ ಬಿದ್ದು ಎರಡು ಎಲೆ ಬಿಟ್ಟ ಕೂಡಲೇ ಮುಗಿಯಿತು. ಒಂದು ವರ್ಷ ಅಲ್ಲ, ಹತ್ತು ವರ್ಷ ಅಲ್ಲ, ನೂರು ವರ್ಷಕ್ಕೂ ಮೀರಿ ಹೀಗೇ ನಡೆಯಿತು. ದೂರದಿಂದ ನೋಡಿದವರಿಗೆ ದ್ವೀಪದಲ್ಲಿ ಮರಗಳಿವೆ ಅಂತಲೇ ಕಾಣುತ್ತಿತ್ತು. ಆದರೆ ಅವೆಲ್ಲ ಮುದಿ ಮರಗಳು. ಮಕ್ಕಳಿಲ್ಲದ ಊರಿನ ಹಾಗೆ. ಮುದಿ ಮರ ಚಂಡಮಾರುತಕ್ಕೆ ಉರುಳಿದರೆ ಆ ಜಾಗಕ್ಕೆ ಇನ್ನೊಂದು ಮರ ಬರಲಿಲ್ಲ. ಗುಡ್ಡದ ಮೇಲ್ಭಾಗದಲ್ಲಿದ್ದ ಗಟ್ಟಿ ಮರಗಳ ಕಾಡು ಮೊದಲು ಖಾಲಿಯಾಯಿತು. ಆಮೇಲೆ ತಾಳೆ ಜಾತಿಯ ಮರಗಳೂ ತೆಳುವಾದವು.

ಈ ಮರಗಳಲ್ಲಿ ಕೆಲವು ನಮಗೆ ಪರಿಚಯದವೇ. ಹೊಟ್ಟೆ ಉಬ್ಬಿದ ಬಾಟಲ್ ಪಾಮ್ ಗಿಡವನ್ನು ನಮ್ಮ ನರ್ಸರಿಗಳಲ್ಲಿ ಮಾರುತ್ತಾರೆ, ಮನೆ ಮುಂದೆ, ಕಚೇರಿಗಳ ಅಂಗಳದಲ್ಲಿ ನೆಡುತ್ತಾರೆ. ಅದರ ತವರು ಈ ರೌಂಡ್ ಐಲ್ಯಾಂಡ್. ಊರೂರಿನ ಅಂಗಳಗಳಲ್ಲಿ ಅದು ಬೆಳೆದು ನಿಂತಿದ್ದಾಗ ತವರಿನಲ್ಲಿ ಬೆರಳೆಣಿಕೆಯಷ್ಟು ಮರಗಳು ಉಳಿದಿದ್ದವು. ಇನ್ನೊಂದು ಲಟಾನ್ ಅನ್ನುವ ಮರ, ನಮ್ಮ ತಾಳೆ ಮರದ ಹತ್ತಿರದ ನೆಂಟ, ಅದರ ಹಾಗೇ ಬೀಸಣಿಗೆಯಂಥ ಎಲೆ. ಮೂರನೆಯದು ಕೇದಗೆ ಜಾತಿಯದು. ಕೇದಗೆ ಪೊದೆಯಲ್ಲಿ ಹಾವಿರುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ ಅಲ್ವಾ? ರೌಂಡ್ ಐಲ್ಯಾಂಡಿನ ಮಟ್ಟಿಗೆ ಅದು ಬರೀ ಮಾತಲ್ಲ.

ಈಗ ನಿಜವಾದ ಪೆಟ್ಟು ಎಲ್ಲಿ ಬಿತ್ತು ಅಂತ ನೋಡಿ. ದ್ವೀಪದ ಮೈ ಬಹುತೇಕ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲು. ಅದರ ಮೇಲೆ ಸಾವಿರಾರು ವರ್ಷಗಳಲ್ಲಿ ಎಲೆ ಕೊಳೆತು, ಹಕ್ಕಿಯ ಹಿಕ್ಕೆ ಸೇರಿ ಒಂದು ಪದರ ಮಣ್ಣು ಕೂತಿತ್ತು. ಅದನ್ನು ಹಿಡಿದಿಟ್ಟದ್ದು ಬೇರುಗಳು. ಬೇರು ಹೋದ ಮೇಲೆ ಕಡಿದಾದ ಇಳಿಜಾರಿನಲ್ಲಿ ಮಣ್ಣು ನಿಲ್ಲುವುದು ಹೇಗೆ? ಮಳೆ ಬಂದಾಗಲೆಲ್ಲ ಅದು ಕೊಚ್ಚಿ ಸಮುದ್ರಕ್ಕೆ ಹೋಯಿತು. ಕಲ್ಲಿನಲ್ಲಿ ಆಳವಾದ ಕೊರಕಲುಗಳು ಬಿದ್ದವು. 20ನೇ ಶತಮಾನದ ನಡುವಿನ ಹೊತ್ತಿಗೆ ದ್ವೀಪದ ಬಹುಭಾಗ ಬರೀ ಕಲ್ಲು ಹಾಸು. 1957ರಲ್ಲಿ ಅದನ್ನು ರಕ್ಷಿತ ಪ್ರದೇಶ ಎಂದು ಘೋಷಿಸಿದರು. ಕಾಗದದ ಮೇಲೆ ರಕ್ಷಣೆ ಸಿಕ್ಕಿತು, ಮೊಲಗಳು ತಮ್ಮ ಪಾಡಿಗೆ ಮೇಯುತ್ತಲೇ ಇದ್ದವು.

ಮಣ್ಣು ಹೋದರೆ ಹಾವಿಗೇನು? ಹಾವು ಮಣ್ಣು ತಿನ್ನುವುದಿಲ್ಲವಲ್ಲ ಅಂತ ಕೇಳಬಹುದು. ಹಾವಿನ ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯಂತೆ ಗಟ್ಟಿ ಅಲ್ಲ, ಚರ್ಮದಂತೆ ಮೆತ್ತಗೆ. ಅದಕ್ಕೆ ತೇವ ಬೇಕು. ಒಣಗಿದರೆ ಒಳಗಿನ ಮರಿ ಸಾಯುತ್ತದೆ. ತೇವ ಉಳಿಯುವುದು ತರಗೆಲೆಯ ಅಡಿಯಲ್ಲಿ, ಮಣ್ಣಿನಲ್ಲಿ. ಹಗಲು ಬಿಸಿಲಿಗೆ ಕಾದ ಬಂಡೆಯ ಮೇಲೆ ಹಾವು ಇರಲಾರದು, ಅದಕ್ಕೆ ಅಡಗುವ ಜಾಗ ಬೇಕು. ಲಟಾನ್ ಮರದ ಒಣಗರಿಗಳು ಬಿದ್ದು ರಾಶಿಯಾದ ಕಡೆ, ಬುಡದ ಸಂದುಗಳಲ್ಲಿ ಆ ನೆರಳು ಸಿಗುತ್ತದೆ. ಊಟದ ಕಥೆಯೂ ಹಾಗೇ. ಮಣ್ಣು, ತರಗೆಲೆ ಇದ್ದರೆ ಹುಳಹುಪ್ಪಟೆ. ಹುಳ ಇದ್ದರೆ ಹಲ್ಲಿ, ಹಾವುರಾಣಿ. ಅವಿದ್ದರೆ ಹಾವು. ಮೊಲ ಮುಟ್ಟಿದ್ದು ಈ ಸರಪಳಿಯ ಕೆಳತುದಿಯ ಒಂದು ಮೊಳಕೆಯನ್ನು. ಕಳಚಿ ಬಿದ್ದದ್ದು ಇಡೀ ಸರಪಳಿ.

ದೊಡ್ಡ ಭೂಭಾಗದಲ್ಲಿ ಒಂದು ಕಾಡು ಹೋದರೆ ಪ್ರಾಣಿ ಪಕ್ಕದ ಕಾಡಿಗೆ ಸರಿಯಬಹುದು, ಕಾಡು ಚಿಗುರಿದ ಮೇಲೆ ಪಕ್ಕದಿಂದ ಮರಳಿ ಬರಬಹುದು. ದ್ವೀಪಕ್ಕೆ ಪಕ್ಕ ಅನ್ನುವುದೇ ಇಲ್ಲ. ಸುತ್ತ ಉಪ್ಪು ನೀರು.

ಬೊಲ್ಯೇರಿಯಕ್ಕೆ ಆದದ್ದು ಇದೇ. ಅದು ಮಣ್ಣೊಳಗಿನ ಹಾವು ಅಂದೆನಲ್ಲ. ಕಸಾರಿಯಕ್ಕೆ ಮರದ ಬುಡ, ಗರಿಗಳ ರಾಶಿ, ಕಲ್ಲಿನ ಸಂದು ಅಂತ ಒಂದಷ್ಟು ಆಸರೆ ಉಳಿದಿತ್ತು. ಬೊಲ್ಯೇರಿಯಕ್ಕೆ ಬೇಕಿದ್ದದ್ದು ಮಣ್ಣು ಮಾತ್ರ. ಆ ಮಣ್ಣೇ ಸಮುದ್ರ ಸೇರಿತ್ತು. 1975ರಲ್ಲಿ ಅದನ್ನು ಕೊನೆಯ ಸಲ ನೋಡಿದ್ದು. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಈಗ ಅದನ್ನು ಅಳಿದ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಡೋಡೋ ಹೋದದ್ದು ಮುನ್ನೂರು ವರ್ಷದ ಹಿಂದೆ, ಅದು ನಮಗೆ ಪುರಾಣದ ಹಾಗೆ ಕೇಳಿಸುತ್ತದೆ. ಬೊಲ್ಯೇರಿಯ ಹೋದದ್ದು ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಸಾರಿಯ ಆಗ ಎಷ್ಟಿದ್ದವು? 1970ರ ದಶಕದ ಅಂದಾಜು ನೂರಕ್ಕಿಂತ ಕಡಿಮೆ. ಒಂದು ಇಡೀ ಕುಟುಂಬದ ಕೊನೆಯ ಹಾವು, ಒಂದೇ ಗುಡ್ಡದ ಮೇಲೆ, ನೂರೂ ಇಲ್ಲ.

1976ರಲ್ಲಿ ಜೆರಾಲ್ಡ್ ಡರೆಲ್ ಮಾರಿಷಸ್‌ಗೆ ಬಂದರು. ಇಂಗ್ಲಿಷ್ ಕಾಲುವೆಯಲ್ಲಿರುವ ಜೆರ್ಸಿ ದ್ವೀಪದಲ್ಲಿ, ಅಳಿವಿನ ಅಂಚಿನ ಪ್ರಾಣಿಗಳನ್ನು ಸಾಕಿ ಉಳಿಸುವುದಕ್ಕಾಗಿಯೇ ಮೃಗಾಲಯ ಕಟ್ಟಿದವರು ಅವರು. ರೌಂಡ್ ಐಲ್ಯಾಂಡ್ ಹತ್ತಿದರು, ಸ್ಥಿತಿ ನೋಡಿದರು. ಆ ಭೇಟಿಗಳ ನಂತರ ಕೆಲವು ಹಾವುಗಳು, ಹಾವುರಾಣಿಗಳು, ಹಲ್ಲಿಗಳು ಜೆರ್ಸಿಗೆ ಹೋದವು. ದ್ವೀಪದಲ್ಲಿ ಏನೇ ಆದರೂ ವಂಶ ಉಳಿಯಲಿ ಅಂತ. 1980ರ ದಶಕದಲ್ಲಿ ಅಲ್ಲಿ ಕಸಾರಿಯ ಮರಿಗಳು ಹುಟ್ಟಿದವು. ಆದರೆ ಸಾಕುವುದು ಸುಲಭ ಇರಲಿಲ್ಲ. ಸಾಮಾನ್ಯವಾಗಿ ಸಾಕಿದ ಹಾವಿನ ಮರಿಗಳಿಗೆ ಇಲಿಮರಿ ಕೊಡುತ್ತಾರೆ. ಇವಕ್ಕೆ ಅದು ಊಟ ಅಂತಲೇ ಗೊತ್ತಾಗುತ್ತಿರಲಿಲ್ಲ. ಹಲ್ಲಿಯೇ ಬೇಕು.

ಪೆಟ್ಟಿಗೆಯಲ್ಲಿ ಸಾಕುವುದು ಸಮಯ ಕೊಳ್ಳುವ ದಾರಿ ಅಷ್ಟೇ. ಮರಳಿ ಬಿಡಲು ನೆಲ ಇಲ್ಲದಿದ್ದರೆ ಸಾಕಿ ಏನು ಮಾಡುವುದು? ದ್ವೀಪದಲ್ಲಿ ಮೊದಲು ಆಗಬೇಕಿದ್ದ ಕೆಲಸ ಬೇರೆ. 1979ರಲ್ಲಿ ಕೊನೆಯ ಆಡುಗಳನ್ನು ತೆಗೆದರು. ಮೊಲ ಕಷ್ಟ. ಒಂದು ಜೋಡಿ ಉಳಿದರೂ ಕೆಲವೇ ವರ್ಷಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. 1986ರಲ್ಲಿ ನ್ಯೂಜಿಲೆಂಡಿನ ಡಾನ್ ಮರ್ಟನ್ ಅವರ ಮುಂದಾಳತ್ವದಲ್ಲಿ ತಂಡವೊಂದು ದ್ವೀಪದ ಮೇಲೇ ಉಳಿದು, ಮೂಲೆ ಮೂಲೆಗೂ ವಿಷದ ಕಾಳು ಹಾಕಿ ಕೊನೆಯ ಮೊಲದ ತನಕ ಮುಗಿಸಿತು.

ಇದನ್ನು ಓದುವಾಗ ಮನಸ್ಸಿಗೆ ಕಸಿವಿಸಿ ಆಗುವುದು ಸಹಜ. ಮೊಲ ಮಾಡಿದ ತಪ್ಪೇನು? ಅದನ್ನು ತಂದು ಬಿಟ್ಟವರು ಮನುಷ್ಯರು. ಆ ಮಾತು ನಿಜ. ಆದರೆ ಮೊಲ ಪ್ರಪಂಚದ ಎಷ್ಟೋ ಕಡೆ ಇದೆ. ಆ ಹಾವು, ಆ ಹಾವುರಾಣಿ, ಆ ಬಾಟಲ್ ಪಾಮ್‌ಗಳ ತವರು ಇದ್ದದ್ದು ಆ ಒಂದು ಗುಡ್ಡದಲ್ಲಿ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಅವತ್ತು ಆ ನಿರ್ಧಾರ ತೆಗೆದುಕೊಂಡವರು ಸರಿಯಾದದ್ದನ್ನೇ ಮಾಡಿದರು ಅಂತ ನಾನು ನಂಬುತ್ತೇನೆ.

ಮೊಲ ಹೋದ ಮೇಲೆ ಮೊಳಕೆಗಳು ಉಳಿದವು. ಲಟಾನ್ ಸಸಿಗಳು ಕಲ್ಲಿನ ಸಂದುಗಳಿಂದ ಎದ್ದವು. ಹಾವುರಾಣಿಗಳು ಹೆಚ್ಚಿದವು. ಜೊತೆಗೆ ಯಾರೂ ಬಯಸದ ಇನ್ನೊಂದೂ ಆಯಿತು. ಹೊರಗಿನಿಂದ ಬಂದು ಸೇರಿದ್ದ ಕಳೆಗಳನ್ನು ಅಲ್ಲಿಯ ತನಕ ಮೊಲಗಳೇ ಮೇದು ಅಡಗಿಸಿದ್ದವು. ಈಗ ಅವೂ ನುಗ್ಗಿ ಬೆಳೆದವು, ಸ್ಥಳೀಯ ಸಸಿಗಳನ್ನು ಮುಚ್ಚಿದವು. ಮೇಯುವವರು ಬೇಕು, ಆದರೆ ಮೊಲ ಬೇಡ. ಹಾಗಾದರೆ ಯಾರು?

ಮೊದಲು ಅಲ್ಲಿ ಮೇಯುತ್ತಿದ್ದದ್ದು ಯಾರು ಅಂತ ನೆನಪಿಸಿಕೊಳ್ಳಿ, ದೈತ್ಯ ಆಮೆಗಳು. ಮಾರಿಷಸ್‌ನ ಆಮೆಗಳನ್ನು ನಾವಿಕರು ತಿಂದು ಮುಗಿಸಿಬಿಟ್ಟಿದ್ದರು. ಅವುಗಳ ಬದಲಿಗೆ 2007ರಲ್ಲಿ ಸೆಶೆಲ್ಸ್‌ನ ಅಲ್ಡಾಬ್ರ ದ್ವೀಪದ ಜಾತಿಯ ದೈತ್ಯ ಆಮೆಗಳನ್ನು ತಂದು ಬಿಡಲು ಶುರುಮಾಡಿದರು. ಈಗ ಅವು ನೂರಾರು ಇವೆ. ಈ ಉಪಾಯ ಕೆಲಸ ಮಾಡಿದ್ದಕ್ಕೆ ಕಾರಣ ಇದೆ. ಅಲ್ಲಿನ ಸ್ಥಳೀಯ ಗಿಡಗಳು ಲಕ್ಷಾಂತರ ವರ್ಷ ಆಮೆಗಳ ಜೊತೆಗೇ ಬಾಳಿದವು, ಆಮೆಯ ಬಾಯಿಂದ ತಪ್ಪಿಸಿಕೊಳ್ಳುವುದು ಅವಕ್ಕೆ ಗೊತ್ತು. ಹೊರಗಿನ ಕಳೆಗಳಿಗೆ ಗೊತ್ತಿಲ್ಲ. ಹಾಗಾಗಿ ಆಮೆಗಳು ಕಳೆಯನ್ನೇ ಹೆಚ್ಚು ಮೇಯುತ್ತವೆ. ಹಣ್ಣು ತಿಂದು ಬೀಜವನ್ನೂ ಅಲ್ಲಲ್ಲಿ ಹಾಕುತ್ತವೆ.

ಮಾರಿಷಸ್‌ನ ವನ್ಯಜೀವಿ ಪ್ರತಿಷ್ಠಾನ ಮತ್ತು ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆ ಸೇರಿ ಇವತ್ತು ಆ ದ್ವೀಪವನ್ನು ನೋಡಿಕೊಳ್ಳುತ್ತಿವೆ. ಕೆಲವೇ ಜನ ಸರದಿಯ ಮೇಲೆ ಅಲ್ಲೇ ಉಳಿದು ಕಳೆ ಕೀಳುತ್ತಾರೆ, ಸಸಿ ನೆಡುತ್ತಾರೆ, ರಾತ್ರಿ ಟಾರ್ಚ್ ಹಿಡಿದು ಹಾವು ಎಣಿಸುತ್ತಾರೆ. ಕಸಾರಿಯ ಈಗ ಸುಮಾರು ಸಾವಿರ ಇರಬಹುದು ಎಂದು ಅಂದಾಜು.

ಒಂದೇ ಬುಟ್ಟಿಯಲ್ಲಿ ಎಷ್ಟು ಮೊಟ್ಟೆ ಇದ್ದರೂ ಬುಟ್ಟಿ ಬಿದ್ದರೆ ಎಲ್ಲವೂ ಹೋಯಿತು. ಅದಕ್ಕೇ ಹಾವಿಗೆ ಎರಡನೆಯ ಮನೆ ಹುಡುಕಿದರು. ಮಾರಿಷಸ್‌ಗೂ ರೌಂಡ್ ಐಲ್ಯಾಂಡಿಗೂ ನಡುವೆ ಗನ್ನರ್ಸ್ ಕ್ವಾಯಿನ್ ಅನ್ನುವ ದ್ವೀಪ ಇದೆ. ಅದು ನಮ್ಮ ಲಾಲ್‌ಬಾಗಿಗಿಂತ ಚಿಕ್ಕದು. ಒಂದು ಕಾಲದಲ್ಲಿ ಕಸಾರಿಯ ಅಲ್ಲೂ ಇತ್ತು, ಇಲಿ ಬಂದ ಮೇಲೆ ಹೋಯಿತು. ಅಲ್ಲಿ ಮಾಡಿದ ಕೆಲಸದ ಕ್ರಮ ನನಗೆ ತುಂಬ ಇಷ್ಟ. 1990ರ ದಶಕದಲ್ಲಿ ಇಲಿಗಳನ್ನು ತೆಗೆದರು. ಹಾವನ್ನು ಕೂಡಲೇ ತರಲಿಲ್ಲ, ತಂದಿದ್ದರೆ ಅದು ತಿನ್ನುವುದೇನು? ಮೊದಲು ಹಾವುರಾಣಿಗಳನ್ನು ತಂದು ಬಿಟ್ಟು, ಅವು ಮರಿ ಮಾಡಿ ಹೆಚ್ಚುವ ತನಕ ಕಾದರು. 2012ರಲ್ಲಿ ರೌಂಡ್ ಐಲ್ಯಾಂಡಿನಿಂದ 60 ಹಾವುಗಳನ್ನು ತಂದು ಬಿಟ್ಟರು. ಆಮೇಲೆ ಅಲ್ಲೇ ಹುಟ್ಟಿದ ಮರಿಗಳೂ ಕಂಡವು.

ಅಪಾಯ ಮುಗಿದಿಲ್ಲ. 2020ರ ಜುಲೈನಲ್ಲಿ ವಕಾಶಿಯೊ ಅನ್ನುವ ಸರಕು ಹಡಗು ಮಾರಿಷಸ್‌ನ ಆಗ್ನೇಯ ಕರಾವಳಿಯ ಹವಳದ ದಿಬ್ಬಕ್ಕೆ ಬಂದು ಸಿಕ್ಕಿಕೊಂಡಿತು. ಸುಮಾರು ಸಾವಿರ ಟನ್ ಎಣ್ಣೆ ಸಮುದ್ರಕ್ಕೆ ಚೆಲ್ಲಿತು. ಅಲ್ಲಿನ ಪುಟ್ಟ ದ್ವೀಪಗಳ ಅಪರೂಪದ ಹಲ್ಲಿ, ಹಾವುರಾಣಿಗಳನ್ನು ಅವಸರದಲ್ಲಿ ಹಿಡಿದು ಜೆರ್ಸಿಗೆ ಸಾಗಿಸಬೇಕಾಯಿತು. ಕಸಾರಿಯ ಇರುವುದು ಉತ್ತರಕ್ಕೆ, ಅದಕ್ಕೆ ಏನೂ ಆಗಲಿಲ್ಲ. ಆದರೆ ಒಡೆದ ಹಡಗಿನಿಂದ ಚೆಲ್ಲುವುದು ಎಣ್ಣೆ ಮಾತ್ರ ಅಲ್ಲ, ಇಲಿಯೂ ಈಜಿ ದಡ ಸೇರಬಹುದು. ಒಂದು ಬಸುರಿ ಇಲಿ ಸಾಕು.

ಅದಕ್ಕೇ ರೌಂಡ್ ಐಲ್ಯಾಂಡಿಗೆ ಹೋಗುವವರ ಸಾಮಾನನ್ನೆಲ್ಲ ಮೊದಲು ಬಿಚ್ಚಿ ನೋಡುತ್ತಾರೆ. ಡಬ್ಬಿ, ಬೂಟು, ಟೆಂಟು, ಅಂಗಿಯ ಜೇಬು ಎಲ್ಲ. ಇಲಿ, ಸೊಂಡಿಲಿ, ಇರುವೆ, ಹಲ್ಲಿ ಮೊಟ್ಟೆ, ಬಟ್ಟೆಗೆ ಅಂಟಿದ ಒಂದು ಹುಲ್ಲಿನ ಬೀಜ ಕೂಡ ಒಳಗೆ ಹೋಗಬಾರದು. ಸೊಂಡಿಲಿ ಅಂದರೆ ನಮ್ಮ ಮನೆಗಳಲ್ಲಿ ಗೋಡೆ ಅಂಚಿಗೇ ಓಡುವ, ಕೆಟ್ಟ ವಾಸನೆಯ ಚೂಪು ಮೂತಿಯ ಪ್ರಾಣಿ. ನಮ್ಮ ಕಡೆಯಿಂದಲೇ ಹಡಗು ಹತ್ತಿ ಮಾರಿಷಸ್ ಸೇರಿ ಅಲ್ಲಿನ ಹಲ್ಲಿಗಳಿಗೆ ಕಂಟಕವಾಗಿದೆ. ನಮ್ಮ ಓತಿಕ್ಯಾತವೂ ಅಲ್ಲಿ ಬೇರೂರಿದೆ.

ಇನ್ನು ಆ ಮಣ್ಣು. ಮರ ನೆಡಬಹುದು, ಆಮೆ ತರಬಹುದು, ಹಾವನ್ನು ದ್ವೀಪದಿಂದ ದ್ವೀಪಕ್ಕೆ ಒಯ್ಯಬಹುದು. ಸಮುದ್ರಕ್ಕೆ ಹೋದ ಮಣ್ಣನ್ನು ಮರಳಿ ತರಲು ಬರುವುದಿಲ್ಲ. ಗುಡ್ಡದ ಮೇಲಿನ ಗಟ್ಟಿ ಮರಗಳ ಕಾಡು ಮತ್ತೆ ಬರಬೇಕಾದರೆ ಆ ಮಣ್ಣು ಬೇಕು. ಈಗ ಲಟಾನ್ ಮರಗಳು ಗುಂಪಾಗಿ ಬೆಳೆದ ಕಡೆ ಒಣಗರಿ ಉದುರುತ್ತದೆ, ಕಡಲಹಕ್ಕಿಗಳ ಹಿಕ್ಕೆ ಬೀಳುತ್ತದೆ, ಗಾಳಿ ತಂದ ಧೂಳು ಸಿಕ್ಕಿಕೊಳ್ಳುತ್ತದೆ. ಬರೀ ಕಲ್ಲಿದ್ದ ಜಾಗದಲ್ಲಿ ಕಪ್ಪಗೆ ಒಂದು ತೆಳು ಪದರ ಕೂರುತ್ತಿದೆ. ಕಿತ್ತಳೆ ಬಣ್ಣದ ಹಾವಿನ ಮರಿಗಳು ಹಗಲು ಕಳೆಯುವುದು ಆ ಗರಿಗಳ ಅಡಿಯಲ್ಲೇ.